ಓದುಗರ ಪ್ರಶ್ನೆ, ನಮ್ಮ ಉತ್ತರ: ಡೇವಿಸ್ ಕೋಟೆಯ ಸಿಪಾಯಿ ಬೆಳಗಿನಿಂದ ರಾತ್ರಿವರೆಗೆ ಏನು ಮಾಡುತ್ತಿದ್ದ?

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ತುದಿಯ ಬೆಟ್ಟಗಳ ನಡುವೆ ಡೇವಿಸ್ ಕೋಟೆ ಇದೆ. ಸ್ಯಾನ್ ಆಂಟೋನಿಯೊದಿಂದ ಎಲ್ ಪಾಸೊಗೆ ಹೋಗುವ ಬಂಡಿದಾರಿಯನ್ನು ಕಾಯಲೆಂದು 1854ರಲ್ಲಿ ಈ ಠಾಣೆ ಹುಟ್ಟಿತು. ಅಂತರ್ಯುದ್ಧದ ಕಾಲದಲ್ಲಿ ಪಾಳುಬಿತ್ತು, 1867ರಲ್ಲಿ ಹೊಸದಾಗಿ ಎದ್ದಿತು, 1891ರಲ್ಲಿ ಮುಚ್ಚಿತು. ಈ ಕೋಟೆಯ ಚಿತ್ರವೊಂದನ್ನು ಪ್ರಕಟಿಸಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಉತ್ತರಗಳೆಲ್ಲ 1867ರ ನಂತರದ ಕಾಲಕ್ಕೆ ಸೇರಿದವು.

ಕೋಟೆ ಎನ್ನುತ್ತೀರಿ. ಚಿತ್ರದಲ್ಲಿ ಸುತ್ತುಗೋಡೆ ಕಾಣುವುದಿಲ್ಲ, ಬತೇರಿ ಇಲ್ಲ, ಕಂದಕವೂ ಇಲ್ಲ. ಇದು ಹೇಗೆ ಕೋಟೆಯಾಯಿತು?
— ಓದುಗರು, ಚಿತ್ರದುರ್ಗ

ಚಿತ್ರದಲ್ಲಿ ಬಿಟ್ಟುಹೋಗಿಲ್ಲ, ಗೋಡೆ ಇರಲೇ ಇಲ್ಲ. ಅಮೆರಿಕದ ಪಶ್ಚಿಮದ ಬಹುಪಾಲು ಗಡಿಕೋಟೆಗಳು ಬಯಲಲ್ಲಿ ಹರಡಿದ ಸೇನಾ ಊರುಗಳು. ನಡುವೆ ಕವಾಯತು ಮೈದಾನ, ಅದರ ಒಂದು ಪಕ್ಕಕ್ಕೆ ಅಧಿಕಾರಿಗಳ ಮನೆಗಳ ಸಾಲು, ಎದುರು ಪಕ್ಕಕ್ಕೆ ಸಿಪಾಯಿಗಳ ಬ್ಯಾರಕ್ಕುಗಳು. ಲಾಯ, ಉಗ್ರಾಣ, ಬ್ರೆಡ್ ಭಟ್ಟಿ ಇವೆಲ್ಲ ಅವುಗಳ ಹಿಂದೆ. ಡೇವಿಸ್‌ನಲ್ಲಿ ಆಸ್ಪತ್ರೆ ಅಧಿಕಾರಿಗಳ ಮನೆಸಾಲಿನ ಹಿಂದೆ, ಕಣಿವೆಯೊಳಗಿದೆ.

ಗೋಡೆ ಯಾಕಿಲ್ಲವೆಂದರೆ, ಅಪಾಚೆ ಮತ್ತು ಕೊಮಾಂಚಿ ಮೂಲನಿವಾಸಿ ಯೋಧರು ಕೋಟೆಗೆ ಮುತ್ತಿಗೆ ಹಾಕುತ್ತಿರಲಿಲ್ಲ. ತಮ್ಮ ನೆಲದ ಮೇಲೆ ಹಾದುಹೋಗುವ ಬಂಡಿಸಾಲು, ಅಂಚೆಗಾಡಿ, ಮೇಯಲು ಬಿಟ್ಟ ಕುದುರೆ ಹಿಂಡು ಅವರ ಗುರಿ. ಹಾಗಾಗಿ ಸೈನ್ಯದ ಕೆಲಸ ಕೋಟೆಯ ಹೊರಗಿತ್ತು. ಮೊದಲ ಕೋಟೆಯನ್ನು ಮೂರು ಕಡೆ ಬೆಟ್ಟವಿರುವ ಕಣಿವೆಯೊಳಗೆ ಕಟ್ಟಿದ್ದರು. ಚಳಿಗಾಳಿಗೆ ಮರೆ ಸಿಕ್ಕಿತು, ಆದರೆ ಬೆಟ್ಟದ ಮೇಲಿಂದ ಯಾರು ಬೇಕಾದರೂ ಗುರಿಯಿಡಬಹುದಿತ್ತು. 1867ರಲ್ಲಿ ಅದನ್ನು ಕಣಿವೆಯ ಬಾಯಿಗೆ ತಂದದ್ದು ಸರಿಯಾದ ನಿರ್ಧಾರ.

ಗಡಿಯಾರವಿಲ್ಲದೆ ನೂರಾರು ಜನ ಒಂದೇ ಹೊತ್ತಿಗೆ ಹೇಗೆ ಕೆಲಸ ಮಾಡುತ್ತಿದ್ದರು? ವೇಳಾಪಟ್ಟಿ ತಿಳಿಸಿ.
— ಶಿಕ್ಷಕರು, ತುಮಕೂರು

ಕಹಳೆಯೇ ಗಡಿಯಾರ. ಠಾಣೆಯ ಅಧಿಕಾರಿ ಋತುಮಾನಕ್ಕೆ ತಕ್ಕಂತೆ ಸಮಯ ಬದಲಿಸಿ ಆದೇಶ ಹೊರಡಿಸುತ್ತಿದ್ದ. ಆದ್ದರಿಂದ ಕೆಳಗಿನ ಹೊತ್ತುಗಳನ್ನು ಬೇಸಿಗೆಯ ಒಂದು ಸಾಮಾನ್ಯ ದಿನದ ಅಂದಾಜು ಎಂದು ತಿಳಿಯಿರಿ.

ಬೆಳಗಿನ ಐದೂವರೆಯ ಆಸುಪಾಸು ನಿದ್ದೆಯಿಂದ ಎಬ್ಬಿಸುವ ಕಹಳೆ, ಜೊತೆಗೆ ತೋಪು. ಕೆಲವೇ ನಿಮಿಷದಲ್ಲಿ ಬ್ಯಾರಕ್ಕಿನ ಮುಂದೆ ಸಾಲುನಿಂತು ಹಾಜರಿ ಕೊಡಬೇಕು. ಅಶ್ವದಳದವರು ಅಲ್ಲಿಂದ ನೇರ ಲಾಯಕ್ಕೆ ಹೋಗುತ್ತಾರೆ, ಕುದುರೆಯ ಹೊಟ್ಟೆ ತುಂಬಿದ ಮೇಲೆಯೇ ಸವಾರನ ತಿಂಡಿ. ಏಳು, ಏಳೂವರೆಗೆ ಕಾಯಿಲೆಯವರ ಕಹಳೆ ಆದಾಗ ಮೈ ಸರಿಯಿಲ್ಲದವರು ವೈದ್ಯನ ಮುಂದೆ ನಿಲ್ಲುತ್ತಾರೆ. ಅದೇ ಹೊತ್ತಿಗೆ ಕೂಲಿಕೆಲಸದ ಕಹಳೆ. ಎಂಟು, ಒಂಬತ್ತರ ನಡುವೆ ಪಹರೆ ಬದಲಾವಣೆ, ಆಮೇಲೆ ಕವಾಯತು. ಹನ್ನೊಂದೂವರೆಗೆ ವಾಪಸಾತಿ, ಹನ್ನೆರಡಕ್ಕೆ ಊಟ. ಒಂದು ಗಂಟೆಗೆ ಮತ್ತೆ ಕೆಲಸ. ನಾಲ್ಕರ ಸುಮಾರಿಗೆ ಎರಡನೇ ಸಲ ಲಾಯ. ಸೂರ್ಯ ಮುಳುಗುವಾಗ ತೋಪು ಹಾರಿಸಿ ಬಾವುಟ ಇಳಿಸುತ್ತಾರೆ. ಎಂಟೂವರೆ, ಒಂಬತ್ತಕ್ಕೆ ಕೊನೆಯ ಹಾಜರಿ, ಸ್ವಲ್ಪ ಹೊತ್ತಿಗೆ ದೀಪ ಆರಿಸುವ ಕಹಳೆ.

ಕಹಳೆಗೆ ಕೊಳಲಿನಂತೆ ತೂತುಗಳಿಲ್ಲ, ಒತ್ತುವ ಕೀಲಿಗಳೂ ಇಲ್ಲ. ತುಟಿಯ ಬಿಗಿಯಿಂದಲೇ ಸ್ವರ ಹುಟ್ಟಬೇಕು, ಬಳಕೆಗೆ ಬರುವುದು ಹೆಚ್ಚೆಂದರೆ ಐದಾರು ಸ್ವರ. ಇಷ್ಟರಲ್ಲೇ ಹತ್ತಾರು ಕರೆಗಳನ್ನು ಬೇರೆಬೇರೆಯಾಗಿ ಕೇಳಿಸಬೇಕಾದ್ದರಿಂದ ವ್ಯತ್ಯಾಸವೆಲ್ಲ ಲಯದಲ್ಲಿದೆ. ದೀಪ ಆರಿಸಲು ನುಡಿಸುತ್ತಿದ್ದ ‘ಟ್ಯಾಪ್ಸ್’ 1862ರಲ್ಲಿ ಅಂತರ್ಯುದ್ಧದ ಪಾಳೆಯದಲ್ಲಿ ರೂಪುಗೊಂಡದ್ದು. ಒಟ್ಟು 24 ಸ್ವರ, ಅದರಲ್ಲಿ ಬೇರೆಬೇರೆ ಇರುವುದು ನಾಲ್ಕೇ. ಇಂದಿಗೂ ಅಮೆರಿಕದ ಸೈನಿಕರ ಅಂತ್ಯಕ್ರಿಯೆಯಲ್ಲಿ ನುಡಿಸುವುದು ಅದನ್ನೇ.

‘ಕೂಲಿಕೆಲಸ’ ಎಂದರೆ ಏನೇನು? ಸಿಪಾಯಿಗೆ ಕೂಲಿ ಯಾಕೆ?
— ಓದುಗರು, ರಾಯಚೂರು

ಅಲ್ಲಿ ಬೇರೆ ಯಾರೂ ಇರಲಿಲ್ಲ, ಅದಕ್ಕೆ. ಕಟ್ಟಿಗೆ ಕಡಿದು ತರುವುದು, ನೀರಿನ ಪೀಪಾಯಿ ತುಂಬಿ ಮನೆಮನೆಗೆ ಇಳಿಸುವುದು, ಹುಲ್ಲು ಕೊಯ್ದು ಬಣವೆ ಒಟ್ಟುವುದು, ದಾರಿ ರಿಪೇರಿ, ತಂತಿ ಕಂಬ ನೆಡುವುದು, ಲಾಯದ ಗೊಬ್ಬರ ಹೊರುವುದು, ಕಕ್ಕಸುಗುಂಡಿಗೆ ಮಣ್ಣು ಹಾಕುವುದು. ಎಲ್ಲಕ್ಕಿಂತ ದೊಡ್ಡದು ಕಟ್ಟಡದ ಕೆಲಸ. ಜೇಡಿಮಣ್ಣಿಗೆ ಹುಲ್ಲು ಕಲಸಿ, ಅಚ್ಚಿನಲ್ಲಿ ಒತ್ತಿ, ಬಿಸಿಲಿಗೆ ಒಣಗಿಸಿದ ಇಟ್ಟಿಗೆಯಿಂದ ಡೇವಿಸ್‌ನ ಬ್ಯಾರಕ್ಕುಗಳನ್ನು ಎಬ್ಬಿಸಿದರು. ನಮ್ಮ ಬಯಲುಸೀಮೆಯ ಹಸಿ ಇಟ್ಟಿಗೆ ನೋಡಿದವರಿಗೆ ಅದರ ಗುಣವೂ ಗೊತ್ತು, ಕಾಟವೂ ಗೊತ್ತು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಮಾಡು ಒಂದು ಕಡೆ ಸೋರಿದರೆ ಅದರ ಕೆಳಗಿನ ಗೋಡೆ ಕರಗುತ್ತದೆ, ಮಳೆನೀರು ನೆಲಕ್ಕೆ ಬಿದ್ದು ಎಗರಿ ಬುಡವನ್ನು ಕೊರೆಯುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಬುಡಕ್ಕೆ ಮಣ್ಣು ಮೆತ್ತಿ ಗಿಲಾವು ಮಾಡಲೇಬೇಕು. ಒಂದು ವರ್ಷ ಬಿಟ್ಟರೆ ಮರುವರ್ಷ ದುಪ್ಪಟ್ಟು ಕೆಲಸ.

ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಇಂಥ ಕೆಲಸಕ್ಕೆ ಹಾಕಿದರೆ ಭತ್ಯೆ ಸಿಗುತ್ತಿತ್ತು. 1866ರ ಕಾಯಿದೆಯ ಪ್ರಕಾರ ಸಾಮಾನ್ಯ ಕೆಲಸಕ್ಕೆ ದಿನಕ್ಕೆ 20 ಸೆಂಟ್, ಬಡಗಿ, ಗಾರೆಯವನಂಥ ಕಸುಬುದಾರನಿಗೆ 35 ಸೆಂಟ್. ಎಷ್ಟೋ ಸಿಪಾಯಿಗಳ ಕೈ ಬಂದೂಕಿಗಿಂತ ಕೊಡಲಿಯನ್ನೇ ಹೆಚ್ಚು ಹಿಡಿದಿದೆ. ಇದರ ನಷ್ಟ ಕವಾಯತಿಗೆ ತಟ್ಟಿತು: ಅರ್ಧ ದಳ ಕಾಡಿನಲ್ಲಿ, ಕಾಲು ದಳ ಪಹರೆಯಲ್ಲಿ ಇದ್ದರೆ ಮೈದಾನಕ್ಕೆ ಬರುವವರು ಎಷ್ಟು ಮಂದಿ?

ಸಿಪಾಯಿಗಳಿಗೆ ಹಸಿ ಕಾಫಿಬೀಜ ಕೊಡುತ್ತಿದ್ದರಂತೆ. ನಿಜವೇ? ದಿನದ ಊಟದಲ್ಲಿ ಏನೇನಿತ್ತು, ಎಷ್ಟೆಷ್ಟಿತ್ತು?
— ಕಾಫಿ ಬೆಳೆಗಾರರು, ಚಿಕ್ಕಮಗಳೂರು ಜಿಲ್ಲೆ

ನಿಜ. ಪಡಿ ಪಟ್ಟಿಯಲ್ಲಿ ನೂರು ಜನಕ್ಕೆ ದಿನಕ್ಕೆ 10 ಪೌಂಡ್ ಹಸಿ ಬೀಜ ಅಥವಾ 8 ಪೌಂಡ್ ಹುರಿದದ್ದು ಎಂದಿದೆ. ಹುರಿದಾಗ ಐದರಲ್ಲಿ ಒಂದು ಪಾಲು ತೂಕ ಇಳಿಯುವುದು ನಿಮಗೆ ಗೊತ್ತೇ ಇದೆ, ಸೈನ್ಯದ ಲೆಕ್ಕವೂ ಅದೇ. ಒಬ್ಬನಿಗೆ ಸುಮಾರು 45 ಗ್ರಾಂ ಹಸಿ ಬೀಜ ಬಂತು. ಹಸಿ ಬೀಜ ತಿಂಗಳುಗಟ್ಟಲೆ ಬಂಡಿಯಲ್ಲಿ ಬಂದರೂ ಕೆಡುವುದಿಲ್ಲ, ಹುರಿದದ್ದರ ಘಮ ಬೇಗ ಹಾರಿಹೋಗುತ್ತದೆ. ತೊಂದರೆಯೆಲ್ಲ ಹುರಿಯುವವನ ಕೈಯಲ್ಲಿತ್ತು. ಅಗಲ ಬಾಣಲೆ, ಕಟ್ಟಿಗೆಯ ಉರಿ, ಕೈಯಾಡಿಸಲು ಬೇಸರಪಟ್ಟ ಸಿಪಾಯಿ. ತಳದ ಬೀಜ ಇದ್ದಿಲು, ಮೇಲಿನದು ಇನ್ನೂ ಹಸಿರು. ಒಂದೇ ಕೆಟಲಿನಲ್ಲಿ ಕಹಿಯೂ ಒಗರೂ ಒಟ್ಟಿಗೆ ಇಳಿಯುತ್ತಿದ್ದವು.

ಉಳಿದ ಪಡಿ ಹೀಗಿತ್ತು. ಒಬ್ಬನಿಗೆ ದಿನಕ್ಕೆ 12 ಔನ್ಸ್ (340 ಗ್ರಾಂ) ಉಪ್ಪುಹಾಕಿದ ಹಂದಿಮಾಂಸ, ಇಲ್ಲವೇ 20 ಔನ್ಸ್ (567 ಗ್ರಾಂ) ದನದ ಮಾಂಸ. ಹಿಟ್ಟು ಅಥವಾ ಬ್ರೆಡ್ 18 ಔನ್ಸ್ (510 ಗ್ರಾಂ). ನೂರು ಜನಕ್ಕೆ 15 ಪೌಂಡ್ ಒಣ ಹುರುಳಿಕಾಯಿ ಬೀಜ ಅಥವಾ ಬಟಾಣಿ, 10 ಪೌಂಡ್ ಅಕ್ಕಿ ಅಥವಾ ಮೆಕ್ಕೆಜೋಳದ ನುಚ್ಚು, 15 ಪೌಂಡ್ ಸಕ್ಕರೆ, 4 ಕ್ವಾರ್ಟ್ (3.8 ಲೀಟರ್) ವಿನೆಗರ್, 4 ಪೌಂಡ್ ಸಾಬೂನು, ಮೇಲೆ ಉಪ್ಪು, ಮೆಣಸು, ಮೇಣದ ಬತ್ತಿ.

ತೂಕ ನೋಡಿದರೆ ಧಾರಾಳ. ಈ ಪಟ್ಟಿಯಲ್ಲಿ ತರಕಾರಿ ಎಲ್ಲಿದೆ, ಹುಡುಕಿ ನೋಡಿ. ಅದಿಲ್ಲದ್ದರಿಂದಲೇ ವಸಡು ಊದಿ ರಕ್ತ ಸೋರುವ, ಹಳೆಯ ಗಾಯ ಮತ್ತೆ ಬಾಯಿಬಿಡುವ ಸ್ಕರ್ವಿ ಗಡಿಕೋಟೆಗಳನ್ನು ಕಾಡಿತು. ವಿನೆಗರ್ ಹುಳಿಯಾದ್ದರಿಂದ ನಿಂಬೆಯಂತೆ ಕೆಲಸ ಮಾಡೀತು ಎಂಬ ನಂಬಿಕೆ ಇತ್ತು. ವಿನೆಗರಿನಲ್ಲಿ ಸಿ ಜೀವಸತ್ವ ಇಲ್ಲವೇ ಇಲ್ಲ. ಒಣಗಿಸಿ ಹಲಗೆಯಂತೆ ಒತ್ತಿದ ತರಕಾರಿಯೂ ಬರುತ್ತಿತ್ತು, ಒಣಗಿಸುವಾಗಲೇ ಅದರ ಸತ್ವ ಬಹುಪಾಲು ಹೋಗಿರುತ್ತಿತ್ತು. ನಿಜವಾಗಿ ಕಾಪಾಡಿದ್ದು ಆಲೂಗಡ್ಡೆ, ಈರುಳ್ಳಿ, ಎಲೆಕೋಸು. ಇವನ್ನು ಸಿಪಾಯಿಗಳೇ ಲಿಂಪಿಯಾ ಹೊಳೆಯ ಪಕ್ಕದ ತೋಟದಲ್ಲಿ ಬೆಳೆದುಕೊಳ್ಳಬೇಕಿತ್ತು. ತೋಟ ಒಣಗಿದ ವರ್ಷ ವೈದ್ಯನ ಮುಂದಿನ ಸಾಲು ಉದ್ದವಾಗುತ್ತಿತ್ತು.

ಇನ್ನೊಂದು ಮಾತು. ಅಡುಗೆಗೆ ತರಬೇತಿ ಪಡೆದವರು ಇರಲಿಲ್ಲ, ದಳದ ಸಿಪಾಯಿಗಳೇ ಸರದಿಯಲ್ಲಿ ಸೌಟು ಹಿಡಿಯುತ್ತಿದ್ದರು. ಡೇವಿಸ್ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ, ಒಣ ಬೀಜ ಬೇಯಲು ಬಯಲಿಗಿಂತ ಹೆಚ್ಚು ಹೊತ್ತು ಬೇಕು. ಹಿಂದಿನ ರಾತ್ರಿಯೇ ನೆನೆಹಾಕಲು ಮರೆತ ಹೊಸಬನಿಂದ ಇಡೀ ದಳಕ್ಕೆ ಹೊಟ್ಟೆನೋವು.

ಬ್ರೆಡ್ ಭಟ್ಟಿಯಿಂದ ಕೋಟೆಗೆ ಹಣ ಉಳಿಯುತ್ತಿತ್ತು ಎಂದು ಬರೆದಿದ್ದಿರಿ. ಸರ್ಕಾರಿ ಹಿಟ್ಟಿನಲ್ಲಿ ಉಳಿತಾಯ ಹೇಗೆ?
— ಬೇಕರಿ ನಡೆಸುವವರು, ಹಾಸನ

ನೀವು ದಿನವೂ ಮಾಡುವ ಲೆಕ್ಕವೇ. ಹಿಟ್ಟಿಗೆ ನೀರು ಸೇರಿ ಬೆಂದಾಗ ಬ್ರೆಡ್ಡಿನ ತೂಕ ಹಿಟ್ಟಿಗಿಂತ ಮೂರನೇ ಒಂದರಷ್ಟು ಹೆಚ್ಚು. ಸಿಪಾಯಿಗೆ ಸಲ್ಲಬೇಕಾದ ಹಿಟ್ಟು 18 ಔನ್ಸ್, ಕೈಗೆ ಕೊಟ್ಟ ಬ್ರೆಡ್ಡೂ 18 ಔನ್ಸ್. ನೂರು ಜನಕ್ಕೆ 51 ಕಿಲೋ ಬ್ರೆಡ್ ಬೇಕು, ಅದಕ್ಕೆ 38 ಕಿಲೋ ಹಿಟ್ಟು ಸಾಕು. ದಿನಕ್ಕೆ ಸುಮಾರು 13 ಕಿಲೋ ಉಳಿಯಿತು. ಈ ಹಿಟ್ಟು ಮಾರಿ ಬಂದ ಹಣ ಠಾಣೆಯ ನಿಧಿಗೆ. ಅದರಿಂದ ತೋಟದ ಬೀಜ, ವಾಚನಾಲಯಕ್ಕೆ ಪತ್ರಿಕೆ, ಶಾಲೆಗೆ ಸಾಮಾನು.

ಭಟ್ಟಿ ಇಟ್ಟಿಗೆಯ ಗುಮ್ಮಟ. ಒಳಗೇ ಕಟ್ಟಿಗೆ ಉರಿಸಿ, ಗೋಡೆ ಕಾದ ಮೇಲೆ ಕೆಂಡ ಬೂದಿ ಎಳೆದು ಹಾಕಿ, ಒದ್ದೆ ಬಟ್ಟೆ ಕಟ್ಟಿದ ಕೋಲಿನಿಂದ ನೆಲ ಒರೆಸಿ, ಬಾಯಿ ಮುಚ್ಚಿ ಶಾಖ ಹರಡಲು ಬಿಡಬೇಕು. ಹದ ನೋಡಲು ಚಿಟಿಕೆ ಹಿಟ್ಟು ಎರಚುವುದು ವಾಡಿಕೆ. ಬಿದ್ದ ಕೂಡಲೇ ಕಪ್ಪಾದರೆ ಶಾಖ ಹೆಚ್ಚು, ಬೆಳ್ಳಗೇ ಉಳಿದರೆ ಕಡಿಮೆ, ನಿಧಾನಕ್ಕೆ ಕಂದಾದರೆ ಸರಿ. ಹುದುಗನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಷಾಯ ಮತ್ತು ಬೇಯಿಸಿದ ಆಲೂಗಡ್ಡೆಯಿಂದ ಅಲ್ಲೇ ತಯಾರಿಸುತ್ತಿದ್ದರು. ಸೆಖೆಯಲ್ಲಿ ಅದು ಬೇಗ ಹುಳಿಯಾಗಿ ಬ್ರೆಡ್ಡಿಗೂ ಹುಳಿ ತಾಗುತ್ತಿತ್ತು.

ಭಟ್ಟಿಯಿಂದ ತೆಗೆದ ಬಿಸಿ ಬ್ರೆಡ್ಡನ್ನು ಹಾಗೆಯೇ ತಿನ್ನಲು ಬಿಡಬಾರದೆಂದು ಸೇನಾ ನಿಯಮವೇ ಇತ್ತು. ಜೀರ್ಣಕ್ಕೆ ಕೆಟ್ಟದ್ದೆಂಬುದು ಆಗಿನ ನಂಬಿಕೆ. ಬಿಸಿ ಬ್ರೆಡ್ ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ನಿಮ್ಮಂಥವರಿಗೆ ಹೇಳಬೇಕಿಲ್ಲ.

ಅಶ್ವದಳದಲ್ಲಿ ಕುದುರೆಯ ಆರೈಕೆ ಹೇಗಿತ್ತು? ಏನು ಮೇವು?
— ಪಶುವೈದ್ಯಕೀಯ ವಿದ್ಯಾರ್ಥಿ, ಬೀದರ್

ಕುದುರೆಗೆ ದಿನಕ್ಕೆ 14 ಪೌಂಡ್ (6.4 ಕಿಲೋ) ಒಣಹುಲ್ಲು, 12 ಪೌಂಡ್ (5.4 ಕಿಲೋ) ಕಾಳು, ಹೇಸರಗತ್ತೆಗೆ ಹುಲ್ಲು ಅಷ್ಟೇ, ಕಾಳು 9 ಪೌಂಡ್. ನಮ್ಮಲ್ಲಿ ಕುದುರೆಗೆ ಹುರುಳಿ ಬೇಯಿಸಿ ಹಾಕಿದಂತೆ ಅಲ್ಲಿ ಓಟ್ಸ್, ಮೆಕ್ಕೆಜೋಳ ಅಥವಾ ಬಾರ್ಲಿ. ನೀರು ಮೊದಲು, ಕಾಳು ಆಮೇಲೆ. ಕಾಳು ತಿಂದ ಬೆನ್ನಿಗೇ ಹೊಟ್ಟೆ ತುಂಬ ನೀರು ಕುಡಿಸಿದರೆ ಶೂಲೆ ಬರುತ್ತದೆಂದು ಸವಾರರು ಹೆದರುತ್ತಿದ್ದರು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೈ ಉಜ್ಜಬೇಕು. ಹಲ್ಲುಳ್ಳ ಲೋಹದ ಬಾಚಣಿಗೆಯಿಂದ ಕೆಸರು ಬೆವರಿನ ಹೊಪ್ಪಳೆ ಬಿಡಿಸಿ, ಬ್ರಷ್‌ನಿಂದ ಕೂದಲಿನ ದಿಕ್ಕಿಗೆ ಎಳೆದು, ಕಣ್ಣು ಮೂಗು ಒರೆಸಿ, ಕೊನೆಗೆ ನಾಲ್ಕೂ ಗೊರಸು ಎತ್ತಿ ಕಲ್ಲು ಕೆರೆದು ತೆಗೆಯುವುದು. ಮೊಣಕಾಲಿನ ಕೆಳಗೆ ಮೂಳೆಗೆ ಚರ್ಮ ಅಂಟಿಕೊಂಡಿರುವುದರಿಂದ ಅಲ್ಲಿ ಲೋಹದ ಬಾಚಣಿಗೆ ತಾಗಿಸುವಂತಿಲ್ಲ. ಸಾರ್ಜೆಂಟ್ ಬಂದು ಕೈಯಾಡಿಸಿ ನೋಡಿ ಒಪ್ಪಿದ ಮೇಲೆಯೇ ಬಿಡುಗಡೆ.

ಹೆಚ್ಚು ಕುದುರೆಗಳನ್ನು ಕೆಡಿಸಿದ್ದು ಬೆನ್ನಿನ ಹುಣ್ಣು. 1859ರಿಂದ ಬಳಕೆಗೆ ಬಂದ ಮೆಕ್‌ಕ್ಲೆಲನ್ ಜೀನಿನ ಚೌಕಟ್ಟು ಮರದ್ದು, ಮೇಲೆ ಹಸಿ ಚರ್ಮ ಬಿಗಿದು ಹೊಲಿದಿರುತ್ತದೆ. ಬೆನ್ನುಮೂಳೆಗೆ ತಾಗದಂತೆ ನಡುವೆ ಉದ್ದಕ್ಕೂ ಸೀಳು ಬಿಟ್ಟಿದ್ದಾರೆ, ಅದು ಜಾಣತನದ ವಿನ್ಯಾಸ. ಆದರೆ ಮಳೆ ಬಿಸಿಲಿಗೆ ಸಿಕ್ಕ ಹಸಿ ಚರ್ಮದ ಹೊಲಿಗೆ ಬಿರಿದು ಅಂಚು ಕತ್ತಿಯಂತಾಗುತ್ತದೆ. ಎರಡನೆಯದಾಗಿ, ದೀರ್ಘ ಗಸ್ತಿನಲ್ಲಿ ಕುದುರೆ ಬಡವಾದಾಗ ಬೆನ್ನಿನ ಆಕಾರವೇ ಬದಲಾಗಿ, ಹೊರಡುವಾಗ ಸರಿಯಿದ್ದ ಜೀನು ಹದಿನೈದು ದಿನಕ್ಕೆ ಒತ್ತತೊಡಗುತ್ತದೆ. ಅದಕ್ಕೇ ಕಂಬಳಿಯನ್ನು ಆರು ಪದರ ಮಡಚಿ, ಒಂದು ಸುಕ್ಕೂ ಬರದಂತೆ, ಕೂದಲು ಹಿಂದಕ್ಕೆ ಒರಗುವಂತೆ ಮುಂದಿನಿಂದ ಹಿಂದಕ್ಕೆ ಜಾರಿಸಿ ಹಾಕುವುದನ್ನು ಅಷ್ಟು ಕಟ್ಟುನಿಟ್ಟಾಗಿ ಕಲಿಸುತ್ತಿದ್ದರು. ಗಸ್ತಿನಲ್ಲಿ ಆಗಾಗ ಇಳಿದು ಕುದುರೆಯನ್ನು ನಡೆಸಿಕೊಂಡು ಹೋಗುವುದೂ ಬೆನ್ನಿಗೆ ಬಿಡುವು ಕೊಡಲೆಂದೇ.

ಪಹರೆ ಎಷ್ಟು ಗಂಟೆ?
— ನಿವೃತ್ತ ಸೈನಿಕರು, ಮಡಿಕೇರಿ

ಇಪ್ಪತ್ನಾಲ್ಕು ಗಂಟೆ. ಮೂರು ತಂಡ, ಎರಡು ಗಂಟೆ ನಿಲ್ಲುವುದು, ನಾಲ್ಕು ಗಂಟೆ ಬಿಡುವು. ಬಿಡುವಿನಲ್ಲೂ ಬೂಟು ಕಳಚದೆ ಪಹರೆಮನೆಯಲ್ಲೇ ಒರಗಬೇಕು. ರಾತ್ರಿ ಗಂಟೆಗೊಮ್ಮೆ ಒಂದನೇ ನಂಬರಿನವನು ‘ಹತ್ತು ಗಂಟೆ, ಎಲ್ಲ ಕ್ಷೇಮ’ ಎಂದು ಕೂಗಿದರೆ ಕೂಗು ನಂಬರಿನಿಂದ ನಂಬರಿಗೆ ದಾಟುತ್ತಿತ್ತು. ನಡುವೆ ಕೂಗು ನಿಂತರೆ ಅಲ್ಲಿ ಏನೋ ಆಗಿದೆ, ಅಥವಾ ಯಾರೋ ನಿದ್ದೆ ಹೋಗಿದ್ದಾರೆ. ಬೆಳಿಗ್ಗೆ ಪಹರೆಗೆ ಬಂದವರಲ್ಲಿ ಅತ್ಯಂತ ಶುಚಿಯಾಗಿದ್ದವನನ್ನು ಠಾಣೆಯ ಅಧಿಕಾರಿಯ ಆರ್ಡರ್ಲಿಯಾಗಿ ಆರಿಸುತ್ತಿದ್ದರು. ಅವನಿಗೆ ರಾತ್ರಿ ನಿಲ್ಲುವ ಕಷ್ಟವಿಲ್ಲ. ಅದಕ್ಕಾಗಿ ಹಿಂದಿನ ರಾತ್ರಿ ಗುಂಡಿ ಉಜ್ಜುವ ಪೈಪೋಟಿ ಜೋರಾಗಿರುತ್ತಿತ್ತು.

ಸಂಬಳ ಎಷ್ಟಿತ್ತು? ಅಷ್ಟು ಜನ ಓಡಿಹೋದದ್ದು ಯಾಕೆ?
— ಓದುಗರು, ಬೆಂಗಳೂರು

1870ರ ದಶಕದಲ್ಲಿ ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಕರಾರು ಐದು ವರ್ಷ. ಅದರಲ್ಲಿ ವೃದ್ಧ ಸೈನಿಕರ ಆಶ್ರಮಕ್ಕೆ ಹನ್ನೆರಡೂವರೆ ಸೆಂಟ್ ಕಡಿತ. ಬಟ್ಟೆ ಒಗೆಯುವ ಹೆಂಗಸಿಗೆ, ಅಳತೆಗೆ ಕೂರದ ಸಮವಸ್ತ್ರ ಸರಿಪಡಿಸುವ ದರ್ಜಿಗೆ, ಠಾಣೆಯ ಅಂಗಡಿಯ ಸಾಲಕ್ಕೆ ಇನ್ನಷ್ಟು. ಎರಡು ತಿಂಗಳಿಗೊಮ್ಮೆ ಹಾಜರಿ ಪಟ್ಟಿ ತಯಾರಾಗಿ ಸಂಬಳ ಬರಬೇಕು, ದೂರದ ಕೋಟೆಗೆ ಹಣದ ಪೆಟ್ಟಿಗೆ ಬರುವುದು ಹಲವು ಸಲ ಇನ್ನೂ ತಡ.

1867ರಿಂದ 1891ರವರೆಗೆ ಸೈನ್ಯಕ್ಕೆ ಸೇರಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬ ಓಡಿಹೋದ. ಯುದ್ಧ ಮಾಡಲೆಂದು ಸೇರಿ ಕಟ್ಟಿಗೆ ಒಡೆಯಬೇಕಾಗಿ ಬಂದ ಬೇಸರ, ಹೊರಗೆ ಗಣಿಯಲ್ಲೋ ರೈಲುದಾರಿಯಲ್ಲೋ ಸಿಗುವ ಹೆಚ್ಚಿನ ಕೂಲಿ, ಕುಡಿತ, ಕಠಿಣ ಶಿಕ್ಷೆ, ಎಲ್ಲವೂ ಕಾರಣ. ಸಂಬಳದ ದಿನದ ಮರುದಿನ ಮತ್ತು ವಸಂತದ ಆರಂಭದಲ್ಲಿ ಓಡುವವರು ಹೆಚ್ಚು. ಕಪ್ಪು ಸೈನಿಕರ ರೆಜಿಮೆಂಟುಗಳಲ್ಲಿ ಮಾತ್ರ ಈ ಪ್ರಮಾಣ ಬಹಳ ಕಡಿಮೆ ಇತ್ತು. ಅವರಿಗೆ ಹೊರಗೆ ಇದಕ್ಕಿಂತ ಗೌರವದ ಕೆಲಸ ಸಿಗುವುದೇ ದುರ್ಲಭವಾಗಿತ್ತು.

ಕಪ್ಪು ಸೈನಿಕರ ಬಗ್ಗೆ ವಿವರವಾಗಿ ತಿಳಿಸಿ. ನಾವು ಡಲ್ಲಾಸ್‌ನಲ್ಲಿದ್ದೇವೆ, ಮಕ್ಕಳನ್ನು ಕರೆದುಕೊಂಡು ಹೋದರೆ ನೋಡುವುದಕ್ಕೆ ಏನಿದೆ?
— ಕನ್ನಡಿಗ ಕುಟುಂಬ, ಡಲ್ಲಾಸ್

ಅಂತರ್ಯುದ್ಧದ ನಂತರ, 1866ರ ಕಾಯಿದೆಯಿಂದ ಕಪ್ಪು ಜನರ ಆರು ರೆಜಿಮೆಂಟುಗಳು ಹುಟ್ಟಿದವು. 1869ರಲ್ಲಿ ಅವು 9 ಮತ್ತು 10ನೇ ಅಶ್ವದಳ, 24 ಮತ್ತು 25ನೇ ಪದಾತಿದಳ ಎಂದು ನಾಲ್ಕಾದವು. ಡೇವಿಸ್ ಕೋಟೆಯನ್ನು 1867ರಲ್ಲಿ ಮತ್ತೆ ಎಬ್ಬಿಸಿದ್ದು 9ನೇ ಅಶ್ವದಳ. 1885ರವರೆಗೆ ನಾಲ್ಕೂ ರೆಜಿಮೆಂಟಿನವರು ಬೇರೆಬೇರೆ ಕಾಲದಲ್ಲಿ ಇಲ್ಲಿದ್ದರು. ಹಲವರು ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರು, ಓದು ಬರಹವನ್ನು ಅವರಿಗೆ ನಿರಾಕರಿಸಲಾಗಿತ್ತು. ಆದ್ದರಿಂದ ಪ್ರತಿ ಕಪ್ಪು ರೆಜಿಮೆಂಟಿಗೂ ಒಬ್ಬ ಪಾದ್ರಿಯನ್ನು ನೇಮಿಸಿ, ಅಕ್ಷರ ಕಲಿಸುವುದನ್ನು ಅವನ ಕರ್ತವ್ಯಕ್ಕೆ ಸೇರಿಸಿದರು. ಹಗಲೆಲ್ಲ ಕೊಡಲಿ ಹಿಡಿದ ಕೈ ಬಿಡುವಿನಲ್ಲಿ ಬಳಪ ಹಿಡಿಯಿತು. ದಿನಚರಿಯಲ್ಲಿ ಮಕ್ಕಳಿಗೆ ತಪ್ಪದೆ ಹೇಳಬೇಕಾದ ಭಾಗವೆಂದರೆ ಇದೇ.

ಹೆನ್ರಿ ಫ್ಲಿಪ್ಪರ್ ಹೆಸರನ್ನೂ ತಿಳಿಸಿ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ 1877ರಲ್ಲಿ ಪದವಿ ಪಡೆದ ಮೊದಲ ಕಪ್ಪು ಅಧಿಕಾರಿ. ಡೇವಿಸ್‌ನಲ್ಲಿ ಉಗ್ರಾಣದ ಹೊಣೆ ಹೊತ್ತಿದ್ದಾಗ 1881ರಲ್ಲಿ ಅವರ ಮೇಲೆ ಸೇನಾ ವಿಚಾರಣೆ ನಡೆಯಿತು. ಹಣ ದುರುಪಯೋಗದ ಆರೋಪ ನಿಲ್ಲಲಿಲ್ಲ, ಆದರೂ ಅಧಿಕಾರಿಗೆ ತಕ್ಕುದಲ್ಲದ ನಡತೆ ಎಂದು 1882ರಲ್ಲಿ ವಜಾ ಮಾಡಿದರು. ಅಧ್ಯಕ್ಷರ ಕ್ಷಮಾದಾನ ಬಂದದ್ದು 1999ರಲ್ಲಿ, ಅವರು ತೀರಿಕೊಂಡು ದಶಕಗಳಾದ ಮೇಲೆ.

ನೋಡಲು: ಸರಿಪಡಿಸಿದ ಬ್ಯಾರಕ್ಕು, ಉಗ್ರಾಣ, ಅಧಿಕಾರಿಯ ಮನೆ, ಆಸ್ಪತ್ರೆ, ಉಳಿದ ಕಟ್ಟಡಗಳ ಅಡಿಪಾಯ ಮತ್ತು ಮೊಂಡು ಗೋಡೆಗಳು. 1875ರ ಸಂಜೆ ಕವಾಯತನ್ನು ಮರುಸೃಷ್ಟಿಸಿದ ಧ್ವನಿಮುದ್ರಣವನ್ನು ಮೈದಾನದಲ್ಲಿ ಕೇಳಿಸುತ್ತಾರೆ. ಕಾರಿನಲ್ಲಿ ಏಳೆಂಟು ಗಂಟೆಯ ದಾರಿ, ಒಂದು ರಾತ್ರಿ ಉಳಿಯುವಂತೆ ಹೋಗಿ. ಗೋಡೆಗಳನ್ನು ಮಕ್ಕಳು ಮುಟ್ಟದಿರಲಿ, ಹಸಿ ಇಟ್ಟಿಗೆ ಬೆರಳಿಗೇ ಉದುರುತ್ತದೆ.

ಹಾಗಾದರೆ ಯುದ್ಧವೇ ಇರಲಿಲ್ಲವೇ?
— ಓದುಗರು, ವಿಜಯಪುರ

ಇತ್ತು, ಅಪರೂಪಕ್ಕೆ. 1880ರಲ್ಲಿ ಅಪಾಚೆ ನಾಯಕ ವಿಕ್ಟೋರಿಯೊನನ್ನು ಬೆನ್ನಟ್ಟುವುದರಲ್ಲಿ ದಣಿದಿದ್ದ ಸೈನ್ಯಕ್ಕೆ 10ನೇ ಅಶ್ವದಳದ ಕರ್ನಲ್ ಗ್ರಿಯರ್ಸನ್ ಬೇರೆ ದಾರಿ ತೋರಿಸಿದರು. ಓಡುವವನ ಹಿಂದೆ ಓಡುವ ಬದಲು ಮರುಭೂಮಿಯ ನೀರಿನ ಸೆಲೆಗಳ ಬಳಿ ಮೊದಲೇ ಹೋಗಿ ಕೂರುವುದು. ಜುಲೈ 30ರಂದು ತಿನಾಹಾ ದೆ ಲಾಸ್ ಪಾಲ್ಮಾಸ್‌ನಲ್ಲಿ, ಆಗಸ್ಟ್ 6ರಂದು ರ್‍ಯಾಟಲ್‌ಸ್ನೇಕ್ ಸ್ಪ್ರಿಂಗ್ಸ್‌ನಲ್ಲಿ ನೀರು ಸಿಗದ ವಿಕ್ಟೋರಿಯೊ ಮೆಕ್ಸಿಕೊಗೆ ಹಿಂದಿರುಗಿದ. ಅಕ್ಟೋಬರಿನಲ್ಲಿ ಮೆಕ್ಸಿಕೊದ ಪಡೆ ಅವನನ್ನು ಕೊಂದಿತು. ತನ್ನ ಜನರನ್ನು ಒಗ್ಗದ ನೆಲಕ್ಕೆ ತಳ್ಳಿದ್ದಕ್ಕೆ ತಿರುಗಿಬಿದ್ದವನು ಆತ ಎಂಬುದನ್ನೂ ನೆನಪಿಡಬೇಕು.

ಶಾಲಾ ನಾಟಕಕ್ಕೆ ಇಂಥ ಕೋಟೆಯ ದೃಶ್ಯ ಮಾಡುತ್ತಿದ್ದೇವೆ. ಯಾವ ತಪ್ಪು ಆಗಬಾರದು?
— ರಂಗ ಶಿಕ್ಷಕರು, ಸಾಗರ

ಚೂಪು ಮರದ ಬೇಲಿ ಬೇಡ. ಎಲ್ಲರನ್ನೂ ಕುದುರೆ ಮೇಲೆ ಕೂರಿಸಬೇಡಿ, ಪದಾತಿಗಳೂ ಇರಲಿ. ಬಂದೂಕು ಒಂದೊಂದೇ ಗುಂಡು ತುಂಬುವ 1873ರ ಸ್ಪ್ರಿಂಗ್‌ಫೀಲ್ಡ್: ಹಿಂಬದಿಯ ಮುಚ್ಚಳ ಎತ್ತಿ, ಗುಂಡು ಇಟ್ಟು, ಮುಚ್ಚಿ, ಬಂದೂಕಿನ ಕುದುರೆಯನ್ನು (ಗುಂಡು ಸಿಡಿಸುವ ಕೀಲನ್ನು) ಎಳೆದು ಹೊಡೆಯಬೇಕು. ನಳಿಗೆ ಕಾದಾಗ ತಾಮ್ರದ ತೋಟಾ ಹಿಗ್ಗಿ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಚರ್ಮದ ಪಟ್ಟಿಯಲ್ಲಿಟ್ಟ ತೋಟಾಕ್ಕೆ ಹಸಿರು ಕಿಲುಬು ಹಿಡಿದರೆ ಇನ್ನೂ ಬಿಗಿ. ಆಗ ಚಾಕುವಿನ ಮೊನೆಯಿಂದ ಕೀಳಬೇಕು. ಹಾಸಿಗೆಗೆ ಹುಲ್ಲು ತುಂಬಿದ ಗೋಣಿ ಇಡಿ. ಅರ್ಧ ಜನರ ಕೈಗಾದರೂ ಗುದ್ದಲಿ, ಕೊಡಲಿ, ಬಕೆಟ್ಟು ಕೊಡಿ.